ಚೌಕಾಬಾರದ ಆಟ

ಹಾಯಿದೋಣಿಗಳ ಪಂದ್ಯವನ್ನು ಹಲಗೆಯ ಮೇಲೆ ನಡೆಯಿಸುವ ಆಟಗಳು ಪಾಶ್ಚಾತ್ಯ ದೇಶಗಳಲ್ಲಿ ಉಂಟು. ಕಡಲಿಗೆ ದೂರವಾದ ತುಮಕೂರು, ಗುಬ್ಬಿ, ಕುಣಿಗಲುಗಳ ಬಾಲಿಕೆಯರಿಗೆ ಜಗಲಿಯ ಚೌಕಾಬಾರವೇ ಅಂತಹ ಪಂದ್ಯವು. ಇದನ್ನು ಜೂಜೆಂದು ಗದರಿಸುವ ಹಿರಿಯರಿದ್ದಾರೆ. ಪಣವಿಲ್ಲದಲ್ಲಿ ಜೂಜೆಲ್ಲಿಯದು?

ಮನೆಗಳು 25, ಒಬ್ಬೊಬ್ಬರಿಗೆ ಕಾಯಿಗಳು 4. ಕಾಯಿಯು ಹೊರಸುತ್ತಿನಲ್ಲಿ 15 ಮನೆ, ಬಳಿಕ ತಿರುಗುಮುಖವಾಗಿ ಒಳಸುತ್ತಿನಲ್ಲಿ 8 ಮನೆ ನಡೆದು, 24ನೆಯ ಹೆಜ್ಜೆಗೆ ನಡುಮನೆಯಲ್ಲಿ ಹಣ್ಣಾಗುವುದು. ನಾಲ್ಕು ಕವಡೆಗಳೂ ಬಾಯ್ದೆರೆದು ಬಿದ್ದರೆ ಚೌಕ, ಎಂದರೆ 4. ಎಲ್ಲವೂ ಮಗುಚಿದರೆ ಬಾರ, ಎಂದರೆ 8. ಕವಡೆಯಿಲ್ಲದವರು ಹುಣಿಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲನ್ನು ಬೆಳ್ಳಗೆ ಮಾಡಿಕೊಳ್ಳುವರು. ನಮ್ಮ ಸೀಮೆಯಲ್ಲಿ ಹುಣಿಸೆಗೇನು ಬರವೆ!

ಎರಡು ಮಗ್ಗುಲೂ ಸಮನಾಗಿ ಬೀಳುವುವೆಂದು ಎಣಿಸಿದರೆ, 16 ಬಗೆಗಳಲ್ಲಿ 2 ಬೀಳುವುದು 6 ಬಗೆ, 8 ಬೀಳುವುದು ಒಂದೇ ಬಗೆ. ಈ ಲೆಕ್ಕವನ್ನರಿತವಳು ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ತನ್ನ ಕಾಯಿಯನ್ನು ನಿಲ್ಲಿಸಳು. ಗರವು ಅದೃಷ್ಟದ್ದು, ಯಾವ ಕಾಯಿಯನ್ನು ನಡೆಯಿಸುವುದೆಂಬುದು ಅವಳದು.

ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಮೆಲುಮಾತಿನ ಬಾಲಿಕೆಯರು ಇದಕ್ಕೆ ಹಿಂಜರಿದು, ಕತ್ತರಿಗುರುತಿನ ಮನೆಯಲ್ಲಿ ಕಡಿಯುವವರಿಲ್ಲವೆಂದು ಅಲ್ಲಿಯೇ ಕುಳಿತುಬಿಡುವರು. ಮಳೆಯ ದಿನಗಳಲ್ಲಿ ನಾವು ಮೊದಲು ಆಟಕ್ಕೆ ಕರೆಯುವುದು ಅಂಥವರನ್ನೇ.