ವೈ ವರ್ಣತಂತು ಸವೆದ ಬಗೆ

ಮನುಷ್ಯನ ಜೀವಕೋಶದಲ್ಲಿ 23 ಜೋಡಿ ವರ್ಣತಂತುಗಳಿವೆ. ಗಂಡಸರಲ್ಲಿ ಕೊನೆಯ ಜೋಡಿಯೊಂದು ಮಾತ್ರ ಏರುಪೇರು: ಪ್ರೋಟೀನ್ ತಯಾರಿಸುವ ಜೀನ್‌ಗಳು ಎಕ್ಸ್‌ನಲ್ಲಿ 800ಕ್ಕೂ ಹೆಚ್ಚು, ವೈನಲ್ಲಿ ನೂರರ ಆಸುಪಾಸು. ಇವೆರಡೂ ಹಿಂದೊಮ್ಮೆ ಸರಿಸಮನಾದ ಸಾಮಾನ್ಯ ಜೋಡಿಯೇ ಆಗಿದ್ದವೆಂಬ ವಾದವನ್ನು ಸುಸುಮು ಓನೊ 1967ರಲ್ಲಿ ವಿಸ್ತಾರವಾಗಿ ಮಂಡಿಸಿದರು.

ಒಡಕು ಹುಟ್ಟಿದ್ದು ಒಂದೇ ಒಂದು ಜೀನ್‌ನಿಂದ. ಎಸ್‌ಆರ್‌ವೈ ಎಂಬ ಈ ಜೀನ್ 1990ರಲ್ಲಿ ಲಂಡನ್ನಿನ ವಿಜ್ಞಾನಿಗಳ ಕೈಗೆ ಸಿಕ್ಕಿತು. ಮರುವರ್ಷ, ಹೆಣ್ಣಾಗಬೇಕಿದ್ದ ಇಲಿಯ ಭ್ರೂಣಕ್ಕೆ ಅದನ್ನು ಸೇರಿಸಿದಾಗ ವೃಷಣ ಬೆಳೆದು ಗಂಡಿಲಿಯೇ ಹುಟ್ಟಿತು. ಎಕ್ಸ್‌ನಲ್ಲಿ ಇಂದಿಗೂ ಉಳಿದಿರುವ ಸಾಕ್ಸ್3 ಜೀನ್‌ನ ಜೋಡಿಯೇ ವೈನಲ್ಲಿ ಎಸ್‌ಆರ್‌ವೈ ಆಗಿ ಮಾರ್ಪಟ್ಟಿತೆಂದು ತಿಳಿಯಲಾಗಿದೆ. ಕಾಂಗರೂಗಳಲ್ಲಿ ಇದುಂಟು, ಮೊಟ್ಟೆಯಿಡುವ ಪ್ಲಾಟಿಪಸ್‌ನಲ್ಲಿಲ್ಲ. ಹಾಗಾಗಿ ನಮ್ಮ ಎಕ್ಸ್–ವೈ ಹುಟ್ಟಿದ್ದು ಪ್ಲಾಟಿಪಸ್‌ನ ವಂಶ ಕವಲೊಡೆದ ಮೇಲೆ, 15 ಕೋಟಿ ವರ್ಷಕ್ಕೂ ಹಿಂದೆ.

ವೈ ಕುಗ್ಗಿದ್ದೇಕೆ? ಅಂಡಾಣು, ವೀರ್ಯಾಣು ತಯಾರಾಗುವಾಗ ಜೋಡಿ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಕೆಟ್ಟ ಮಾರ್ಪಾಟುಗಳು ಒಳ್ಳೆಯ ಜೀನ್‌ಗಳಿಂದ ಬೇರೆಯಾಗಿ ಅಳಿಯಲು ಇದೇ ದಾರಿ. ಎಸ್‌ಆರ್‌ವೈ ಸುತ್ತಮುತ್ತ ಮೊದಲು ಈ ವಿನಿಮಯ ನಿಂತಿತು, ಆಮೇಲೆ ಕಂತುಕಂತಾಗಿ ಉಳಿದೆಡೆಯೂ. ಬ್ರೂಸ್ ಲಾನ್ ಮತ್ತು ಡೇವಿಡ್ ಪೇಜ್ 1999ರಲ್ಲಿ ಇಂಥ ನಾಲ್ಕು ಹಂತಗಳನ್ನು ಗುರುತಿಸಿದರು. ಈಗ ವಿನಿಮಯ ಉಳಿದಿರುವುದು ಮುಖ್ಯವಾಗಿ ಎರಡೂ ತುದಿಗಳಲ್ಲಿ. ಎಕ್ಸ್‌ಗೆ ಈ ಕಷ್ಟವಿಲ್ಲ. ಹೆಣ್ಣಿನಲ್ಲಿ ಅದಕ್ಕೆ ಜೊತೆಗಾರ ಎಕ್ಸ್ ಇದ್ದೇ ಇದೆ. ಆದರೆ ಗಂಡಿಗಿರುವುದು ಒಂದೇ ಎಕ್ಸ್; ಅದಕ್ಕೆ ಸರಿದೂಗುವಂತೆ ಹೆಣ್ಣಿನ ಪ್ರತಿ ಕೋಶದಲ್ಲೂ ಒಂದು ಎಕ್ಸ್ ಬಹುಪಾಲು ಸುಮ್ಮನಾಗುತ್ತದೆಂದು ಮೇರಿ ಲಯನ್ 1961ರಲ್ಲಿ ಹೇಳಿದರು. ಬೆಕ್ಕಿನ ಕಿತ್ತಳೆ ಬಣ್ಣದ ಜೀನ್ ಇರುವುದು ಎಕ್ಸ್‌ನಲ್ಲಿ; ಕಪ್ಪು–ಕಿತ್ತಳೆ ತೇಪೆಗಳ ಬೆಕ್ಕು ಸಾಮಾನ್ಯವಾಗಿ ಹೆಣ್ಣೇ ಆಗಿರುವುದು ಇದರಿಂದಲೇ.

ವೈ ಅಳಿದೇಹೋಗುತ್ತದೆ ಎಂಬ ಮಾತಿಗೆ ಸಿಕ್ಕ ಪ್ರಚಾರದಷ್ಟು ಪುರಾವೆಯ ಬಲವಿಲ್ಲ. ರೀಸಸ್ ಕೋತಿಯ ವೈ ಜೊತೆ 2012ರಲ್ಲಿ ಹೋಲಿಸಿದಾಗ, ಎರಡೂವರೆ ಕೋಟಿ ವರ್ಷಗಳಲ್ಲಿ ಮನುಷ್ಯನ ವೈ ಕಳೆದುಕೊಂಡ ಪುರಾತನ ಜೀನ್ ಒಂದೇ ಎಂದು ಕಂಡುಬಂತು. ಅಳಿದರೂ ಗಂಡುಸಂತತಿ ನಿಲ್ಲಬೇಕೆಂದಿಲ್ಲ. ಜಪಾನಿನ ಅಮಾಮಿ ದ್ವೀಪದ ಮುಳ್ಳಿಲಿಯಲ್ಲಿ ವೈ ಇಲ್ಲ, ಎಸ್‌ಆರ್‌ವೈ ಕೂಡ ಇಲ್ಲ. ಸಾಕ್ಸ್9 ಜೀನ್‌ನ ಸಮೀಪ ಗಂಡುಗಳಲ್ಲಷ್ಟೇ ಇಮ್ಮಡಿಯಾಗಿರುವ ತುಣುಕೊಂದು ಎಸ್‌ಆರ್‌ವೈನ ಕೆಲಸ ವಹಿಸಿಕೊಂಡಿರಬೇಕೆಂದು 2022ರಲ್ಲಿ ವರದಿಯಾಯಿತು.

ಮಲೆನಾಡಿನವರಿಗೆ ಪರಿಚಿತವಾದ ಕಾಡುಕುರಿಯದು ಇನ್ನೊಂದು ಬಗೆ. ಅದರ ಹೆಣ್ಣಿಗೆ 6 ವರ್ಣತಂತು, ಗಂಡಿಗೆ 7. ಎಕ್ಸ್ ಅಲ್ಲಿ ಮೂರನೆಯ ವರ್ಣತಂತುವಿಗೆ ಬೆಸೆದುಕೊಂಡಿದೆ. ಬೆಸೆಯದೆ ಬಿಡಿಯಾಗುಳಿದ ಮೂರನೆಯದು ಈಗ ಎರಡನೆಯ ವೈ ಆಗಿ ತಂದೆಯಿಂದ ಮಗನಿಗಷ್ಟೇ ಇಳಿಯುತ್ತದೆ.