ಕಿಡಿ ಹಾರುವ ಮುನ್ನ: ಸಾಣೆಚಕ್ರದ ಸುರಕ್ಷತೆ

ಗ್ರಿಲ್ ಅಂಗಡಿಯ ಮುಂದೆ ಹೂಬಾಣದಂತೆ ಕಿಡಿ ಚಿಮ್ಮುವುದನ್ನು ನೀವು ನೋಡಿರುತ್ತೀರಿ. ಆ ಒಂದೊಂದು ಕಿಡಿಯೂ ಗಾಳಿಯಲ್ಲಿ ಉರಿಯುತ್ತಾ ಹಾರುವ ಉಕ್ಕಿನ ಚೂರು. ಪದವಿ ತರಗತಿಯಲ್ಲಿದ್ದಾಗ, ‘ಒಂದೇ ನಿಮಿಷದ ಕೆಲಸವಲ್ಲವೇ’ ಎಂದು ರಕ್ಷಣಾ ಕನ್ನಡಕ ಹಾಕದೆ ಉಳಿ ಮಸೆಯಲು ನಿಂತೆ. ಚೂರೊಂದು ಕಣ್ಣಿಗೆ ಹೊಕ್ಕಿತು. ವೈದ್ಯರು ಅದನ್ನು ತೆಗೆದರು, ದೃಷ್ಟಿ ಉಳಿಯಿತು. ಆ ಅದೃಷ್ಟ ಎಲ್ಲರಿಗೂ ಇರುವುದಿಲ್ಲ.

ಸಾಣೆಚಕ್ರ ಎಂದರೇನು? ಅಲ್ಯುಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್‌ನ ಗಡಸು ಹರಳುಗಳನ್ನು ಜೇಡಿಮಣ್ಣಿನೊಡನೆ ಸುಟ್ಟು, ಇಲ್ಲವೇ ರಾಳದಿಂದ ಬೆಸೆದು ಮಾಡಿದ ಬಿಲ್ಲೆ. ಪ್ರತಿ ಹರಳೂ ಒಂದು ಪುಟ್ಟ ಉಳಿ. ಆದರೆ ಬಿಲ್ಲೆ ಕಬ್ಬಿಣದಂತೆ ಬಾಗುವುದಿಲ್ಲ. ಮಿತಿ ಮೀರಿದರೆ ಸಿಡಿದೇ ಹೋಗುತ್ತದೆ.

ಈಗ ಒಂದು ಸಣ್ಣ ಲೆಕ್ಕ. 100 ಮಿ.ಮೀ. ವ್ಯಾಸದ ಬಿಲ್ಲೆ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 57 ಮೀಟರ್, ಅಂದರೆ ಗಂಟೆಗೆ 200 ಕಿ.ಮೀ.ಗೂ ಹೆಚ್ಚು! ಅದೇ ಯಂತ್ರದ ಕವಚ ಕಳಚಿ 180 ಮಿ.ಮೀ. ಬಿಲ್ಲೆ ತೊಡಿಸಿದರೆ ವೇಗ 103 ಮೀಟರ್ ದಾಟುತ್ತದೆ. ಆ ಬಿಲ್ಲೆಗೆ ಸಾಮಾನ್ಯವಾಗಿ ನಿಗದಿಯಾಗಿರುವ ಮಿತಿ 80 ಮೀಟರ್. ಬಿಲ್ಲೆಯನ್ನು ಒಳಗಿನಿಂದ ಸೀಳುವ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅದು ಮಿತಿಯ ಸುಮಾರು 1.7 ಪಟ್ಟು ಆಗುತ್ತದೆ. ಆದ್ದರಿಂದ ಬಿಲ್ಲೆಯ ಮೇಲೆ ಅಚ್ಚಾದ ಗರಿಷ್ಠ ಸುತ್ತುಗಳನ್ನು ಯಂತ್ರದ ಸುತ್ತುಗಳೊಡನೆ ಹೋಲಿಸದೆ ಜೋಡಿಸಬೇಡಿ. ಕವಚವನ್ನಂತೂ ಎಂದೂ ತೆಗೆಯಬೇಡಿ.

ಮೇಜಿಗೆ ಕೂರಿಸುವ ಗ್ರೈಂಡರಿನ ಹೊಸ ಕಲ್ಲನ್ನು ‘ನಾದ ಪರೀಕ್ಷೆ’ಗೆ ಒಳಪಡಿಸಿ. ಒಣಗಿದ, ಶುಭ್ರವಾದ ಕಲ್ಲನ್ನು ರಂಧ್ರದಲ್ಲಿ ಬೆರಳಿಟ್ಟು ತೂಗುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಒಳ್ಳೆಯ ಕಲ್ಲು ಗಂಟೆಯಂತೆ ನುಡಿಯುತ್ತದೆ. ಒಡಕು ಮಡಕೆಯ ಸದ್ದು ಬಂದರೆ ಕಲ್ಲಿನಲ್ಲಿ ಬಿರುಕಿದೆ ಎಂದರ್ಥ, ಅದನ್ನು ಬಳಸಬೇಡಿ. ರಾಳದ ಬಿಲ್ಲೆಗಳು ಹೀಗೆ ನುಡಿಯುವುದಿಲ್ಲ. ಅವನ್ನು ಕಣ್ಣಿಂದಲೇ ಪರೀಕ್ಷಿಸಬೇಕು.

ಕಲ್ಲಿಗೂ ವಸ್ತುವನ್ನು ಇಡುವ ಆಸರೆಗೂ ನಡುವಿನ ಅಂತರ 3 ಮಿ.ಮೀ. ಮೀರಬಾರದು. ಏಕೆ? ಸಂದು ದೊಡ್ಡದಾದರೆ ವಸ್ತು ಒಳಗೆ ಸಿಕ್ಕಿಕೊಂಡು ಕಲ್ಲು ಒಡೆಯಬಹುದು, ಬೆರಳೂ ಹೋಗಬಹುದು. ಹೊಸ ಕಲ್ಲು ತೊಡಿಸಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಬರಿದೇ ಓಡಲು ಬಿಡಿ. ದುಪಟ್ಟಾ, ಸಡಿಲ ತೋಳು, ಬಿಚ್ಚುಗೂದಲು ಯಂತ್ರದ ಹತ್ತಿರ ಸುಳಿಯದಿರಲಿ. ಕೈಗ್ರೈಂಡರನ್ನು ಎರಡೂ ಕೈಗಳಿಂದ ಹಿಡಿಯಿರಿ. ಬಿಲ್ಲೆ ಬದಲಿಸುವ ಮುನ್ನ ಪ್ಲಗ್ ಕಿತ್ತಿಡಿ.

ಕಲ್ಲಿನ ಗರಿಷ್ಠ ಸುರಕ್ಷಿತ ವೇಗವನ್ನು ಪ್ರತಿ ಯಂತ್ರದ ಬಳಿ ಬರೆದು ತೂಗುಹಾಕಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ವಿಧಿಸಿತ್ತು. ಮನೆಯ ಅಂಗಳದಲ್ಲಿ ಅಂಥ ಫಲಕ ಇರುವುದಿಲ್ಲ. ಅಲ್ಲಿ ಲೆಕ್ಕ ಹಾಕಬೇಕಾದವರು ನೀವೇ. ಕನ್ನಡಕ ಹಾಕಿಕೊಳ್ಳಲು ಹಿಡಿಯುವುದು ಐದು ಸೆಕೆಂಡು. ‘ಒಂದೇ ನಿಮಿಷದ ಕೆಲಸ’ ಎಂದು ಮನಸ್ಸು ಹೇಳಿದಾಗ ಇದು ನೆನಪಿರಲಿ.