ಏರಿದ ಗೇರಿನಲ್ಲಿಯೇ ಇಳಿಯಬೇಕು

ಮುಂಬಯಿಯಲ್ಲಿ ನೆಲೆಸಿದ ನಮ್ಮವರಲ್ಲಿ ಬಹುಮಂದಿ ಕಾರು ಕೊಳ್ಳುವುದು ಕಚೇರಿಗೆ ಹೋಗಿಬರುವುದಕ್ಕಲ್ಲ. ಅದಕ್ಕೆ ಲೋಕಲ್ ರೈಲು ಇದ್ದೇ ಇದೆ. ಬೇಸಗೆಯ ರಜೆಯಲ್ಲಿ ಮಡದಿ ಮಕ್ಕಳೊಡನೆ ಊರಿಗೆ ಹೋಗಬೇಕೆಂಬ ಹಂಬಲವೇ ಅದರ ಮೂಲ. ಹನ್ನೊಂದು ತಿಂಗಳು ಸಿಗ್ನಲ್ಲುಗಳ ನಡುವೆ ತೆವಳಿದ ಕಾರನ್ನು ಹನ್ನೆರಡನೆಯ ತಿಂಗಳಲ್ಲಿ ಒಮ್ಮೆಲೇ ಘಟ್ಟಕ್ಕೆ ಇಳಿಸುತ್ತೇವೆ. ಗೇರು ತಾನಾಗಿ ಬದಲಾಗುವ ಕಾರುಗಳು ಈಗ ಹೆಚ್ಚುತ್ತಿದ್ದರೂ ನಮ್ಮಲ್ಲಿ ಅನೇಕರ ಕಾಲ ಕೆಳಗೆ ಇನ್ನೂ ಮೂರು ಪೆಡಲುಗಳೇ ಇವೆ. ಅವುಗಳೊಡನೆ ನಗರದಲ್ಲಿ ನಾವು ಬೆಳೆಸಿಕೊಂಡ ದುರಭ್ಯಾಸಗಳು ಲೆಕ್ಕ ಕೇಳುವುದು ಘಟ್ಟದಲ್ಲಿ.

ನನ್ನನ್ನು ಅವು ಲೆಕ್ಕ ಕೇಳಿದ್ದು 2013ರ ಮೇ ತಿಂಗಳಿನಲ್ಲಿ. ಹುಬ್ಬಳ್ಳಿಯಲ್ಲಿ ರಾತ್ರಿ ತಂಗಿ, ಯಲ್ಲಾಪುರವನ್ನು ದಾಟಿ, ಅಂಕೋಲೆಯ ಕಡೆಗೆ ಅರಬೈಲು ಘಟ್ಟವನ್ನು ಇಳಿಯುತ್ತಿದ್ದೆವು. ಕಾರಿನಲ್ಲಿ ವೃದ್ಧೆಯಾದ ತಾಯಿ, ಪತ್ನಿ, ಇಬ್ಬರು ಮಕ್ಕಳು. ಹಿಂದೆ ತುಂಬಿದ ಸಾಮಾನು. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಕುಳಿತವನಿಗೆ ಇಳಿಜಾರೆಂದರೆ ಪುಕ್ಕಟೆ ಪ್ರಯಾಣವೆಂದೇ ತೋರಿತು. ಪೆಟ್ರೋಲು ಉಳಿಸುವ ಹುರುಪಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಸಾಗಿದೆ. ಕೆಲವು ತಿರುವುಗಳ ಬಳಿಕ ಏನೋ ಸುಟ್ಟ ವಾಸನೆ ಬಂದಿತು. ಮುಂದಿನ ತಿರುವಿನಲ್ಲಿ ಬ್ರೇಕ್ ಪೆಡಲು ಒದ್ದೆ ಹತ್ತಿಯ ಮೇಲೆ ಕಾಲಿಟ್ಟಂತೆ ಮೆತ್ತಗೆ ಒಳಗಿಳಿಯಿತು. ಕಾರಿನ ವೇಗ ಮಾತ್ರ ತಗ್ಗಲಿಲ್ಲ. ಪೆಡಲನ್ನು ಮತ್ತೆ ಮತ್ತೆ ಒತ್ತುತ್ತ, ಹ್ಯಾಂಡ್ ಬ್ರೇಕನ್ನು ಎಳೆಯುತ್ತ, ರಸ್ತೆ ರಿಪೇರಿಗೆಂದು ಬದಿಯಲ್ಲಿ ಸುರಿದಿದ್ದ ಮಣ್ಣಿನ ಗುಡ್ಡೆಗೆ ಕಾರನ್ನು ಒರಗಿಸಿದೆ. ಯಾರಿಗೂ ಪೆಟ್ಟಾಗಲಿಲ್ಲ. ತಾಯಿಯವರು ಮಾತ್ರ ಬಹಳ ಹೊತ್ತು ಮಾತನಾಡಲಿಲ್ಲ.

ಹಿಂದಿನಿಂದ ಬಂದ ಲಾರಿಯ ಚಾಲಕನೊಬ್ಬ ಇಳಿದು, ಚಕ್ರಗಳ ಬಳಿ ಕೈಯೊಡ್ಡಿ ಕಾವನ್ನು ನೋಡಿ, "ಸಾಹೇಬ್ರ, ಯಾವ ಗೇರಿನ್ಯಾಗ ಏರ್ತೀರಿ ಅದ ಗೇರಿನ್ಯಾಗ ಇಳೀಬೇಕ್ರಿ. ಬ್ರೇಕಿಗೆ ಒಂದೀಟು ಉಸಿರಾಡಾಕ ಬಿಡ್ರಿ" ಎಂದನು. ನನ್ನ ಚಾಲನಾ ಪರವಾನಗಿಗೆ ಆಗ ಹತ್ತು ವರ್ಷ ತುಂಬಿತ್ತು. ಈ ಒಂದು ಮಾತನ್ನು ಮಾತ್ರ ನನಗೆ ಯಾರೂ ಕಲಿಸಿರಲಿಲ್ಲ.

ಅವನ ಮಾತಿನ ಹಿಂದಿರುವ ಲೆಕ್ಕ ಇದು. ಜನರೂ ಸಾಮಾನೂ ಸೇರಿ 1,200 ಕಿಲೋಗ್ರಾಂ ತೂಗುವ ಕಾರು 400 ಮೀಟರ್ ಎತ್ತರವನ್ನು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 14 ಲೀಟರ್ ತಣ್ಣೀರನ್ನು ಕುದಿಸುವಷ್ಟು. ಗಾಳಿಯೂ ಟೈರುಗಳೂ ಇದರಲ್ಲಿ ಒಂದು ಪಾಲನ್ನು ಹೀರಿಕೊಂಡರೂ, ನ್ಯೂಟ್ರಲ್‌ನಲ್ಲಿ ಇಳಿಯುವಾಗ ಉಳಿದ ಶಾಖವೆಲ್ಲ ಬ್ರೇಕುಗಳ ಪಾಲಿಗೇ ಬೀಳುತ್ತದೆ. ಅತಿಯಾಗಿ ಕಾದ ಬ್ರೇಕ್ ಪ್ಯಾಡುಗಳ ಹಿಡಿತ ಕುಗ್ಗುತ್ತದೆ. ಬ್ರೇಕಿನ ದ್ರವವು ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರುವುದರಿಂದ, ಹಳೆಯದಾದಷ್ಟೂ ಕಡಿಮೆ ಶಾಖಕ್ಕೇ ಕುದಿದು ಆವಿಯ ಗುಳ್ಳೆಗಳನ್ನು ಎಬ್ಬಿಸುತ್ತದೆ. ಪೆಡಲು ಮೆತ್ತಗಾಗಲು ಈ ಗುಳ್ಳೆಗಳೇ ಕಾರಣ. ಆದುದರಿಂದ ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಅದನ್ನು ಬದಲಿಸಬೇಕು.

ಗೇರಿನಲ್ಲಿ ಇಳಿದಾಗ ಈ ಭಾರವನ್ನು ಎಂಜಿನ್ ಹಂಚಿಕೊಳ್ಳುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗಿ ಬರುವುದರಿಂದ ವೇಗ ತಾನಾಗಿ ಅಂಕೆಯಲ್ಲಿರುತ್ತದೆ. ಇನ್ನು ಪೆಟ್ರೋಲಿನ ಮಾತು. ಇಂದಿನ ಇಂಜೆಕ್ಷನ್ ಎಂಜಿನ್ನುಗಳು ಇಂತಹ ಸಂದರ್ಭದಲ್ಲಿ ಇಂಧನದ ಸರಬರಾಜನ್ನೇ ನಿಲ್ಲಿಸುತ್ತವೆ; ನ್ಯೂಟ್ರಲ್‌ನಲ್ಲಿದ್ದರೆ ಎಂಜಿನ್ ಆರದಿರಲೆಂದು ಸ್ವಲ್ಪ ಸ್ವಲ್ಪವಾಗಿ ಸುಡುತ್ತಲೇ ಇರುತ್ತವೆ. ಎಂದರೆ ನಾನು ಉಳಿತಾಯವೆಂದು ಬರೆದುಕೊಂಡದ್ದು ವಾಸ್ತವದಲ್ಲಿ ಖರ್ಚಿನ ಬಾಬ್ತಾಗಿತ್ತು. ಎಂಜಿನ್ನನ್ನೇ ಆರಿಸಿ ಇಳಿಯುವುದಂತೂ ಆತ್ಮಘಾತುಕ. ಬ್ರೇಕಿಗೆ ದೊರೆಯುವ ಸಹಾಯಶಕ್ತಿ ಕೆಲವು ಬಾರಿ ಒತ್ತುವುದರೊಳಗೆ ಮುಗಿದು, ಪೆಡಲು ಕಲ್ಲಿನಂತಾಗುತ್ತದೆ.

ಆದುದರಿಂದ ಇಳಿಜಾರು ಮೊದಲಾಗುವ ಮುನ್ನವೇ ವೇಗ ತಗ್ಗಿಸಿ ಮೂರನೆಯ ಅಥವಾ ಎರಡನೆಯ ಗೇರಿಗೆ ಬರಬೇಕು. ಬ್ರೇಕನ್ನು ಸದಾ ತುಳಿದಿರದೆ, ಅಗತ್ಯವಿದ್ದಾಗ ದೃಢವಾಗಿ ಒತ್ತಿ ಬಿಡಬೇಕು. ತಿರುವಿಗೆ ಮೊದಲೇ ನಿಧಾನಿಸಬೇಕೇ ಹೊರತು ತಿರುವಿನ ಮಧ್ಯದಲ್ಲಲ್ಲ. ತಿರುವಿನಲ್ಲಿ ಕ್ಲಚ್ ಒತ್ತಿ ತೇಲಲೂಬಾರದು. ಕಿರಿದಾದ ದಾರಿಯಲ್ಲಿ ಮೇಲೇರುವ ವಾಹನಕ್ಕೆ ಇಳಿಯುವವರೇ ದಾರಿ ಬಿಡಬೇಕು.

ಒಂದು ವೇಳೆ ಪೆಡಲು ಮೆತ್ತಗಾದರೆ ಗಾಬರಿಗೊಳ್ಳದೆ ಅದನ್ನು ಬೇಗಬೇಗನೆ ಒತ್ತಿ ಬಿಡಿ. ಗೇರುಗಳನ್ನು ಒಂದೊಂದಾಗಿ ಇಳಿಸಿ. ಹ್ಯಾಂಡ್ ಬ್ರೇಕಿನ ಗುಂಡಿಯನ್ನು ಒತ್ತಿಹಿಡಿದು ಹಂತಹಂತವಾಗಿ ಎಳೆಯಿರಿ. ಹಾರ್ನ್ ಬಾರಿಸುತ್ತ, ಕಣಿವೆಯ ಬದಿಗಲ್ಲದೆ ಗುಡ್ಡದ ಬದಿಗೆ ಕಾರನ್ನು ತನ್ನಿ. ನಿಂತ ಮೇಲೆ ಕಾದ ಬ್ರೇಕಿಗೆ ನೀರು ಸುರಿಯದೆ, ಅದು ತಾನಾಗಿ ತಣಿಯುವವರೆಗೆ ಕಾಯಿರಿ. ಬ್ರೇಕ್ ಮತ್ತೆ ಬಿಗಿಯಾದಂತೆ ಕಂಡರೂ ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯದಿರುವುದೇ ಲೇಸು.

ಇಳಿಯುವಾಗ ಬ್ರೇಕಿಗಾಗುವ ಶಿಕ್ಷೆ ನಗರದಲ್ಲಿ ಕ್ಲಚ್ಚಿಗೆ ಆಗುತ್ತದೆ. ಕ್ಲಚ್ ಎಂಬುದು ಎಂಜಿನ್ನಿಗೂ ಗೇರುಗಳಿಗೂ ನಡುವಣ ಮಧ್ಯವರ್ತಿ. ಪೂರ್ತಿ ಒತ್ತಿದಾಗ ಸಂಬಂಧ ಕಡಿಯುತ್ತದೆ, ಪೂರ್ತಿ ಬಿಟ್ಟಾಗ ಕೂಡುತ್ತದೆ. ಅರ್ಧ ಒತ್ತಿಹಿಡಿದಾಗ, ಎಂದರೆ ಹಾಫ್ ಕ್ಲಚ್ಚಿನಲ್ಲಿ, ಅದರ ಫಲಕ ಜಾರುತ್ತ ಉಜ್ಜಿ ಸವೆಯುತ್ತದೆ. ಮೇಲ್ಸೇತುವೆಯ ಏರಿನಲ್ಲಿ ಕಾರನ್ನು ಹಾಫ್ ಕ್ಲಚ್ಚಿನಿಂದ ತಡೆದು ನಿಲ್ಲಿಸುವವರು ಹಣವನ್ನೇ ಉಜ್ಜುತ್ತಿರುತ್ತಾರೆ. ಅಲ್ಲಿ ಹ್ಯಾಂಡ್ ಬ್ರೇಕ್ ಎಳೆದಿರಿ. ಹೊರಡುವಾಗ ಮೊದಲನೆಯ ಗೇರು ಹಾಕಿ, ಕ್ಲಚ್ಚನ್ನು ಮೆಲ್ಲನೆ ಬಿಡುತ್ತ ಎಂಜಿನ್ನಿನ ದನಿ ತಗ್ಗಿ ಕಾರು ತುಸು ಮುಂದಕ್ಕೆ ಎಳೆದಂತಾದಾಗ ಆಕ್ಸಿಲರೇಟರ್ ಒತ್ತಿ, ಬಳಿಕ ಹ್ಯಾಂಡ್ ಬ್ರೇಕನ್ನು ಇಳಿಸಿದರೆ ಕಾರು ಅಂಗುಲವೂ ಹಿಂದೆ ಸರಿಯದು.

ಈ ಅಭ್ಯಾಸಗಳು ದೇಹಕ್ಕೂ ಹಿತ. ಸಂಜೆಯ ದಟ್ಟಣೆಯಲ್ಲಿ ನೂರಾರು ಬಾರಿ ಕ್ಲಚ್ ತುಳಿಯುವುದರಿಂದ ಎಡಮೊಣಕಾಲೂ ಸೊಂಟವೂ ನೋಯುವುದು ಸಹಜ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಬಾಗಿಯೇ ಇರುವಂತೆ, ಬೆನ್ನು ಒರಗಿನಿಂದ ಬೇರ್ಪಡದಂತೆ ಆಸನವನ್ನು ಹೊಂದಿಸಿಕೊಳ್ಳಬೇಕು. ದೀರ್ಘವಾದ ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಕಾಲಿಗೆ ವಿಶ್ರಾಂತಿ ಕೊಡಬೇಕು. ನ್ಯೂಟ್ರಲ್‌ಗೆ ತಕ್ಕ ಸ್ಥಳ ಅದೇ. ಜಾರುವ ಹವಾಯಿ ಚಪ್ಪಲಿ ಚಾಲನೆಗೆ ಸಲ್ಲದು. ಬಹುಕಾಲದಿಂದ ಮಧುಮೇಹವಿದ್ದು ಪಾದಗಳು ಜೋಮು ಹಿಡಿದಂತಾಗುತ್ತಿದ್ದರೆ, ಯಾವ ಪೆಡಲಿನ ಮೇಲೆ ಕಾಲಿದೆಯೆಂಬುದೇ ತಿಳಿಯದೆ ಹೋಗಬಹುದು. ಅಂತಹವರು ವೈದ್ಯರನ್ನು ಕಾಣದೆ ಚಾಲನೆಗೆ ಕೂರಬಾರದು. ದೂರಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯುವುದು ಎಲ್ಲರಿಗೂ ಕ್ಷೇಮ.

ಆ ಲಾರಿ ಚಾಲಕನ ಹೆಸರನ್ನು ಕೇಳುವಷ್ಟು ವ್ಯವಧಾನ ಅಂದು ನನಗಿರಲಿಲ್ಲ. ಅವನ ಮಾತನ್ನು ಮಾತ್ರ ಈ ಸಂಚಿಕೆಯ ಓದುಗರಿಗೆ ಒಪ್ಪಿಸುತ್ತಿದ್ದೇನೆ. ಮುಂದಿನ ಬೇಸಗೆಯಲ್ಲಿ ಘಟ್ಟದ ನೆತ್ತಿಯಲ್ಲಿ ನಿಂತಾಗ ಗೇರಿನ ಹಿಡಿಯನ್ನೊಮ್ಮೆ ನೋಡಿಕೊಳ್ಳಿ. ಊರಿನಲ್ಲಿ ಹಿರಿಯರು ಬಾಗಿಲ ಬಳಿ ಕಾದಿರುತ್ತಾರೆ; ಅರ್ಧ ಗಂಟೆ ತಡವಾದರೂ ಚಿಂತೆಯಿಲ್ಲ, ಎಲ್ಲರೂ ಸುಖವಾಗಿ ತಲುಪೋಣ.